ಮೋಡದ ಚಿತ್ರ ಮತ್ತು ರಾಗಿ ಬಿತ್ತನೆ

ರಾಜರಾಜೇಶ್ವರಿನಗರ, ಕೆಂಗೇರಿಗಳಿಂದಾಚೆ ಬ್ಯಾಲಾಳಿನಲ್ಲಿ 32 ಮೀಟರು ವ್ಯಾಸದ ಆಂಟೆನಾ ಇದೆ. ಅದು ಮಳೆಯನ್ನು ನೋಡುವುದಲ್ಲ. 2008ರಲ್ಲಿ ಚಂದ್ರಯಾನದ ಸಲುವಾಗಿ ನಿಲ್ಲಿಸಿದ್ದು. ಮಳೆಯ ಸುದ್ದಿ ತರುವ ಉಪಗ್ರಹಗಳೇ ಬೇರೆ.

2024ರಲ್ಲಿ ಹಾರಿಸಿದ ಇನ್‌ಸಾಟ್-3ಡಿಎಸ್ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುತ್ತದೆ. ರಾತ್ರಿಯಲ್ಲಿ ಅದಕ್ಕೆ ಮೋಡ ಕಾಣುವುದು ಶಾಖದ, ಅಂದರೆ ಅವಕೆಂಪು, ಕಿರಣಗಳಿಂದ. ಮೋಡದ ನೆತ್ತಿ ತಣ್ಣಗಿದ್ದಷ್ಟೂ ಚಿತ್ರದಲ್ಲಿ ಬೆಳ್ಳಗೆ. ಬೇಸಾಯಗಾರರು ಎಡವುವುದು ಇಲ್ಲಿಯೇ. ಬಹು ಎತ್ತರದ ತೆಳು ಮೋಡವೂ ತಣ್ಣಗಿರುವುದರಿಂದ ಬೆಳ್ಳಗೆ ಕಾಣಬಹುದು. ಅದರಿಂದ ನೆಲಕ್ಕೆ ಹನಿಯೂ ಬೀಳದು.

ಮೈಕ್ರೋವೇವ್ ಅಲೆಗಳಾದರೋ ಮೋಡವನ್ನು ತೂರಿ ಹೋಗಬಲ್ಲವು. ಬೆಂಗಳೂರಿನಲ್ಲಿ ತಯಾರಾಗಿ 1979ರಲ್ಲಿ ಹಾರಿದ ಭಾಸ್ಕರ, ಕಡಲಿನ ಕಡೆಯಿಂದ ತಾನಾಗಿ ಬರುವ ಇಂತಹ ಅಲೆಗಳಿಂದಲೇ ಗಾಳಿಯಲ್ಲಿನ ನೀರಾವಿಯನ್ನು ಅಳೆಯಿತು. 2022ರ ಓಷನ್‌ಸ್ಯಾಟ್-3 ತಾನೇ ಅಲೆಗಳನ್ನು ಬೀರಿ, ಮರಳಿದ್ದನ್ನು ಅಳೆಯುವಂತೆ ರೂಪಿಸಿದ್ದು. ಗಾಳಿ ಬೀಸಿದಾಗ ನೀರಿನ ಮೈ ನಿರಿಗೆಗಟ್ಟುತ್ತದೆ. ನಿರಿಗೆ ಹೆಚ್ಚಿದಂತೆ ಮರಳುವ ಪಾಲೂ ಹೆಚ್ಚುತ್ತದೆ. ಅರಬ್ಬಿ ಸಮುದ್ರದ ಮೇಲೆ ಮುಂಗಾರು ಗಾಳಿಯ ವೇಗ, ದಿಕ್ಕು ತಿಳಿಯುವುದು ಹೀಗೆ. ಧ್ರುವಗಳ ಬಳಿ ಹಿಮವನ್ನು ನೀರಿನಿಂದ ಬೇರೆಯಾಗಿ ಗುರುತಿಸುವುದಕ್ಕೂ ಮೈಕ್ರೋವೇವೇ ನೆರವು.

ಇಷ್ಟಾದರೂ ಇನ್‌ಸಾಟಿನ ಶಾಖಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ಸುಮಾರು 4 ಕಿ.ಮೀ. ಉದ್ದಗಲದ ನೆಲ, ಊರಿಗೆ ಊರೇ ಅದರಲ್ಲಡಗೀತು. ಚಿತ್ರ ನಂಬಿ ಅರೆಹದದಲ್ಲಿ ಬಿತ್ತಿದ ರಾಗಿ ಮೊಳೆತು ಒಣಗಿದರೆ ಬೀಜವೂ ಹೋಯಿತು, ಉಳುಮೆಯೂ ಹೋಯಿತು. ಗೇಣುದ್ದ ಅಗೆದು ಹಿಡಿ ಮಣ್ಣನ್ನು ಅದುಮಿ ನೋಡಬೇಕು. ಉಂಡೆ ಕಟ್ಟದೆ ಉದುರಿದರೆ ಆ ದಿನ ಕೂರಿಗೆ ಹೂಡಬಾರದು.