ಅವಮೌದರ್ಯ, ರಸಪರಿತ್ಯಾಗ ಮತ್ತು ದೇಹದ ತೂಕ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಬಾಹ್ಯ ತಪಸ್ಸನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಮೊದಲ ನಾಲ್ಕು, ಅಂದರೆ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗಗಳು, ಆಹಾರಕ್ಕೇ ಸಂಬಂಧಪಟ್ಟವು. ಅವಮೌದರ್ಯವೆಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಇದು ಪ್ರಮಾಣದ ಮಾತು. ರಸಪರಿತ್ಯಾಗವೆಂದರೆ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು. ಇದು ಆಹಾರದಲ್ಲಿ ಏನು ಸೇರಿದೆ ಎಂಬುದರ ಮಾತು. ಆಚಾರ್ಯರು ಇವೆರಡನ್ನೂ ಒಂದೇ ತಪವೆಂದು ಎಣಿಸಲಿಲ್ಲ. ಈ ಭೇದವನ್ನು ಮರೆತುದರಿಂದ ಇಂದು ನಮ್ಮ ಮನೆಗಳಲ್ಲಿ ಒಂದು ಗೊಂದಲವುಂಟಾಗಿದೆ.

ದಶಲಕ್ಷಣ ಪರ್ವದ ಹತ್ತು ದಿನ ಏಕಭುಕ್ತವಿದ್ದವರು ಅನಂತ ಚತುರ್ದಶಿಯ ಮರುದಿನ ತೂಕ ನೋಡಿಕೊಂಡು ಮೂರು ಕಿಲೋ ಇಳಿಯಿತೆಂದು ಹಿಗ್ಗುವುದೂ, ಎರಡು ವಾರಗಳಲ್ಲಿ ಅದರ ಬಹುಭಾಗ ಮರಳಿ ಬಂದಾಗ ಕುಗ್ಗುವುದೂ ಈಗ ಸಾಮಾನ್ಯವಾಗಿದೆ. ತುಪ್ಪ ಬಿಟ್ಟವರು ತುಪ್ಪವೇ ಬೊಜ್ಜಿನ ಮೂಲವೆನ್ನುತ್ತಾರೆ. ಅನ್ನ ಬಿಟ್ಟವರು ಅನ್ನವೇ ಎನ್ನುತ್ತಾರೆ. ತೂಕ ಇಳಿಸಿರೆಂದು ವೈದ್ಯರು ಹೇಳಿದ ಮೇಲೆ ಷೋಡಶಕಾರಣ ವ್ರತವನ್ನು ಹಿಡಿದವರೂ ಉಂಟು. ಆದುದರಿಂದ ಆಹಾರವನ್ನು ಕಡಿಮೆ ಮಾಡಿದಾಗ ದೇಹದಿಂದ ಹೋಗುವುದು ಏನು, ಆ ಕಡಿಮೆ ಆಹಾರದಲ್ಲಿ ಯಾವ ಪದಾರ್ಥವಿದ್ದರೆ ಏನು ವ್ಯತ್ಯಾಸ, ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಮೊದಲು ಪ್ರಮಾಣ. ಮೂಲಾಚಾರವು ಪುರುಷನ ಸಹಜ ಆಹಾರವನ್ನು 32 ಕವಳವೆಂದೂ ಸ್ತ್ರೀಯದನ್ನು 28 ಕವಳವೆಂದೂ ಹೇಳಿ, ಅದರಿಂದ ಒಂದೊಂದೇ ಕವಳವನ್ನು ಇಳಿಸುತ್ತ ಬರುವುದನ್ನು ಅವಮೌದರ್ಯವೆಂದು ನಿರೂಪಿಸುತ್ತದೆ. ಸಾವಿರ ಅಕ್ಕಿಕಾಳಿನಷ್ಟು ಒಂದು ಕವಳವೆಂದು ವ್ಯಾಖ್ಯಾನ. ನಮ್ಮ ಅಕ್ಕಿಯ ಸಾವಿರ ಕಾಳುಗಳು ಸುಮಾರು 15ರಿಂದ 20 ಗ್ರಾಂ ತೂಗುತ್ತವೆ; 32 ಕವಳಕ್ಕೆ 480ರಿಂದ 640 ಗ್ರಾಂ ಅಕ್ಕಿಯಾಯಿತು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಶಾಖವಿರುವುದರಿಂದ ಒಟ್ಟು 1700ರಿಂದ 2200 ಕ್ಯಾಲೊರಿ. ಇಂದಿನ ಆಹಾರಶಾಸ್ತ್ರಜ್ಞರು ಹೆಚ್ಚು ಶ್ರಮವಿಲ್ಲದ ಪುರುಷನಿಗೆ ಹೇಳುವ ಲೆಕ್ಕವೂ ಇದರಿಂದ ಬಹಳ ದೂರವಿಲ್ಲ. ಗಣಿತವನ್ನು ಇಷ್ಟಕ್ಕಿಂತ ಹೆಚ್ಚು ಎಳೆಯುವುದು ಸರಿಯಲ್ಲ; ಆದರೂ ಎಂಟು ಕವಳ ಬಿಟ್ಟರೆ ಆಹಾರದಲ್ಲಿ ಕಾಲುಭಾಗ ಇಳಿಯಿತೆಂಬುದು ಮಗುವಿಗೂ ತಿಳಿಯುವ ಲೆಕ್ಕ.

ಇನ್ನು ಘಟಕ. ಒಂದು ಗ್ರಾಂ ಶರ್ಕರಪಿಷ್ಟದಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಸಸಾರಜನಕದಲ್ಲಿ, ಅಂದರೆ ಪ್ರೋಟೀನಿನಲ್ಲಿ, 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ. ದಿನಕ್ಕೆ ಮೂರು ದೊಡ್ಡ ಚಮಚ ತುಪ್ಪ ತಿನ್ನುತ್ತಿದ್ದವನು ಅದನ್ನು ಬಿಟ್ಟರೆ ಸುಮಾರು 400 ಕ್ಯಾಲೊರಿ ಕಡಿಮೆಯಾಗುವುದು ನಿಜ. ಆದರೆ ತುಪ್ಪ ಬಿಟ್ಟು ಅದರ ಬದಲಿಗೆ ಒಂದು ಮುಷ್ಟಿ ಗೋಡಂಬಿಯನ್ನೂ ಎರಡು ಅಚ್ಚು ಬೆಲ್ಲವನ್ನೂ ತಿಂದರೆ ರಸಪರಿತ್ಯಾಗ ನಡೆದಿರಬಹುದು, ಅವಮೌದರ್ಯ ನಡೆಯಲಿಲ್ಲ, ತೂಕವೂ ಇಳಿಯದು.

ಒಟ್ಟು ಕ್ಯಾಲೊರಿ ಒಂದೇ ಇದ್ದು ಘಟಕ ಮಾತ್ರ ಬೇರೆಯಾದರೆ ಏನಾಗುವುದು? ಈ ಪ್ರಶ್ನೆಯನ್ನು 1956ರಲ್ಲಿ ಲಂಡನ್ನಿನ ಕೆಕ್‌ವಿಕ್ ಮತ್ತು ಪವನ್ ಎಂಬ ಇಬ್ಬರು ಸಂಶೋಧಕರು ಪರೀಕ್ಷಿಸಿದರು. ದಿನಕ್ಕೆ 1000 ಕ್ಯಾಲೊರಿಯನ್ನೇ, ಆದರೆ ಒಮ್ಮೆ ಬಹುಪಾಲು ಕೊಬ್ಬಾಗಿ, ಒಮ್ಮೆ ಸಸಾರಜನಕವಾಗಿ, ಒಮ್ಮೆ ಶರ್ಕರಪಿಷ್ಟವಾಗಿ ಕೊಟ್ಟರು. ಕೊಬ್ಬಿನ ಆಹಾರದಲ್ಲಿ ತೂಕ ಹೆಚ್ಚಾಗಿ ಇಳಿಯಿತು, ಶರ್ಕರಪಿಷ್ಟದಲ್ಲಿ ಅತಿ ಕಡಿಮೆ. ಅನ್ನವೇ ಅಪರಾಧಿಯೆಂಬ ಮಾತಿಗೆ ಇಂತಹ ಫಲಿತಾಂಶಗಳಿಂದ ಬಲ ಬಂತು. ಆದರೆ ತಕ್ಕಡಿಯು ಎಷ್ಟು ಇಳಿಯಿತೆಂಬುದನ್ನು ಹೇಳುವುದೇ ಹೊರತು ಇಳಿದುದು ಯಾವುದೆಂಬುದನ್ನು ಹೇಳಲಾರದು.

ಅದನ್ನು ಹೇಳಿದ್ದು 1976ರಲ್ಲಿ ಪ್ರಕಟವಾದ ಯಾಂಗ್ ಮತ್ತು ವಾನ್ ಇಟಾಲಿ ಎಂಬವರ ಅಮೆರಿಕದ ಪ್ರಯೋಗ. ವ್ರತಿಗಳಾದ ನಮಗೆ ಇದು ವಿಶೇಷವಾಗಿ ಉಪಯುಕ್ತ, ಏತಕ್ಕೆಂದರೆ ಅದರಲ್ಲಿ ಪೂರ್ಣ ಉಪವಾಸವೂ ಸೇರಿತ್ತು. ಆರು ಮಂದಿ ಸ್ಥೂಲಕಾಯರನ್ನು ಹತ್ತು ಹತ್ತು ದಿನ ಮೂರು ಕ್ರಮಗಳಲ್ಲಿ ಇರಿಸಿದರು: ಪೂರ್ಣ ಉಪವಾಸ, 800 ಕ್ಯಾಲೊರಿಯ ಮಿಶ್ರಾಹಾರ, ಶರ್ಕರಪಿಷ್ಟ ತೀರ ಕಡಿಮೆಯಿರುವ 800 ಕ್ಯಾಲೊರಿಯ ಆಹಾರ. ದಿನವೊಂದಕ್ಕೆ ಇಳಿದ ತೂಕ ಉಪವಾಸದಲ್ಲಿ ಸುಮಾರು 750 ಗ್ರಾಂ, ಶರ್ಕರಪಿಷ್ಟ ಬಿಟ್ಟ ಆಹಾರದಲ್ಲಿ 467 ಗ್ರಾಂ, ಮಿಶ್ರಾಹಾರದಲ್ಲಿ 278 ಗ್ರಾಂ. ಇಷ್ಟನ್ನೇ ನೋಡಿದರೆ ಮಿಶ್ರಾಹಾರ ಸೋತಿತೆನ್ನಬೇಕು. ಆದರೆ ಮೊದಲೆರಡರಲ್ಲಿ ಇಳಿದುದರ ನೂರಕ್ಕೆ 61 ಪಾಲು ಬರಿಯ ನೀರು. ಮಿಶ್ರಾಹಾರದಲ್ಲಿ ನೀರು 37 ಪಾಲು ಮಾತ್ರ. ಕೊಬ್ಬಿನ ಪಾಲು ಶರ್ಕರಪಿಷ್ಟ ಬಿಟ್ಟ ಆಹಾರದಲ್ಲಿ ನೂರಕ್ಕೆ 35, ಮಿಶ್ರಾಹಾರದಲ್ಲಿ ಹೆಚ್ಚುಕಡಿಮೆ 60. ಗುಣಿಸಿ ನೋಡಿರಿ: 467ರಲ್ಲಿ 35 ಪಾಲೆಂದರೆ 163 ಗ್ರಾಂ, 278ರಲ್ಲಿ 60 ಪಾಲೆಂದರೆ 167 ಗ್ರಾಂ. ಕರಗಿದ ಕೊಬ್ಬು ಎರಡರಲ್ಲಿಯೂ ಒಂದೇ!

ಈ ನೀರು ಎಲ್ಲಿಯದು? ಶರ್ಕರಪಿಷ್ಟವನ್ನು ದೇಹವು ಪಿತ್ತಜನಕಾಂಗದಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ದೊಡ್ಡವರಲ್ಲಿ ಇದು ಅರ್ಧ ಕಿಲೋದಷ್ಟಿರಬಹುದು. ಅದರ ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಉಪವಾಸದ ಮೊದಲ ಒಂದೆರಡು ದಿನಗಳಲ್ಲಿ ಈ ಸಂಗ್ರಹ ಖರ್ಚಾದಂತೆ ನೀರೂ ಹೊರಟುಹೋಗುತ್ತದೆ. ಉಪ್ಪನ್ನು ಬಿಟ್ಟವರಲ್ಲಿ ಇನ್ನಷ್ಟು ನೀರು ಹೋಗುವುದು. ಪರ್ವ ಮುಗಿದು ಅನ್ನವೂ ಉಪ್ಪೂ ಎಲೆಗೆ ಬಂದೊಡನೆ ಅದೇ ನೀರು ಸ್ವಸ್ಥಾನಕ್ಕೆ ಮರಳುತ್ತದೆ. ಇದು ವ್ರತದ ದೋಷವಲ್ಲ, ಪಾರಣೆಯಲ್ಲಿ ಹೆಚ್ಚು ಉಂಡ ದೋಷವೂ ಅಲ್ಲ.

ದೀರ್ಘಕಾಲದ ಪರೀಕ್ಷೆಗಳೂ ಇದನ್ನೇ ಸಮರ್ಥಿಸಿವೆ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 811 ಜನರಿಗೆ ಕೊಬ್ಬು, ಸಸಾರಜನಕ, ಶರ್ಕರಪಿಷ್ಟಗಳ ಪ್ರಮಾಣ ಬೇರೆ ಬೇರೆಯಾದ ನಾಲ್ಕು ಆಹಾರಕ್ರಮಗಳನ್ನು ವಿಧಿಸಲಾಗಿ, ಎರಡು ವರ್ಷಗಳ ತರುವಾಯ ನಾಲ್ಕರಲ್ಲಿಯೂ ಇಳಿಕೆ ಸರಾಸರಿ 4 ಕಿಲೋ ಆಸುಪಾಸಿನಲ್ಲಿಯೇ ಇತ್ತು. 2018ರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿಯೂ ಕೊಬ್ಬು ಕಡಿಮೆ ಮಾಡಿದವರು, ಶರ್ಕರಪಿಷ್ಟ ಕಡಿಮೆ ಮಾಡಿದವರು ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಸಮನಾಗಿಯೇ ಇಳಿದರು.

ಹಾಗಾದರೆ ಘಟಕಕ್ಕೆ ಬೆಲೆಯೇ ಇಲ್ಲವೇ? ಉಂಟು, ಮತ್ತು ನಮ್ಮ ಹಿರಿಯರ ಪಾಲಿಗೆ ಅದೇ ಮುಖ್ಯವಾದುದು. ಮೇಲಿನ ಉಪವಾಸದ ಪ್ರಯೋಗದಲ್ಲಿ ಇಳಿದ ತೂಕದ ನೂರಕ್ಕೆ ಆರೂವರೆ ಪಾಲು ಸಸಾರಜನಕ, ಅಂದರೆ ದಿನಕ್ಕೆ ಸುಮಾರು 49 ಗ್ರಾಂ. ದೇಹದಲ್ಲಿ ಇದಕ್ಕೆ ಬೇರೆ ಉಗ್ರಾಣವಿಲ್ಲ. ಬಹುಮಟ್ಟಿಗೆ ಸ್ನಾಯುವೇ ಅದರ ಉಗ್ರಾಣ. ಉಪವಾಸ ಮುಂದುವರಿದಂತೆ ಈ ನಷ್ಟ ಕಡಿಮೆಯಾಗುವುದಾದರೂ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಏಕಭುಕ್ತವಿದ್ದು, ಆ ಒಂದು ಊಟದಲ್ಲಿಯೂ ಅನ್ನ ಮತ್ತು ತಿಳಿಸಾರನ್ನು ಮಾತ್ರ ಉಣ್ಣುವ ಅರವತ್ತೈದರ ತಾಯಿಯೊಬ್ಬರ ತೂಕ ಇಳಿದರೆ, ಅದರಲ್ಲಿ ತೊಡೆಯ, ತೋಳಿನ ಬಲವೂ ಸೇರಿರುತ್ತದೆ. ಆ ವಯಸ್ಸಿನಲ್ಲಿ ಹೋದ ಸ್ನಾಯು ಸುಲಭವಾಗಿ ಮರಳದು. ಬಸದಿಯ ಮೆಟ್ಟಿಲು ಹತ್ತಲಾರದೆ, ಕಾಯೋತ್ಸರ್ಗಕ್ಕೆ ನಿಲ್ಲಲಾರದೆ ಹೋದರೆ ಸಂಯಮಕ್ಕೆ ಸಾಧನವಾಗಬೇಕಾದ ಶರೀರವೇ ಕೈಬಿಟ್ಟಂತಾಯಿತು.

ಆರೋಗ್ಯವಂತರಿಗೆ ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಆಸುಪಾಸಿನಷ್ಟು ಸಸಾರಜನಕ ಬೇಕೆಂಬುದು ಲೆಕ್ಕ. 60 ಕಿಲೋದವರಿಗೆ ಸುಮಾರು 48 ಗ್ರಾಂ. ಊಟ ಇಳಿಸಿದಾಗ ಇದನ್ನು ಇಳಿಸಬಾರದು. 30 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 7 ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ ದೊರೆಯುತ್ತದೆ. ತಿಳಿಸಾರಿನಲ್ಲಿ ಬೇಳೆಯ ನೆನಪು ಮಾತ್ರವಿರುವುದರಿಂದ ಗಟ್ಟಿ ತೊವ್ವೆಯೇ ಆಗಬೇಕು. ಬೇಳೆಯೊಡನೆ ಹಸಿ ಹಾಲು, ಅದರ ಮೊಸರು ಬೆರೆತರೆ ದ್ವಿದಳ ದೋಷವಾದುದರಿಂದ, ತೊವ್ವೆಯುಳ್ಳ ದಿನ ಮೊಸರಿಲ್ಲದೆಯೂ, ಮೊಸರುಳ್ಳ ದಿನ ಬೇಳೆಯಿಲ್ಲದ ಪಲ್ಯದೊಡನೆಯೂ ಊಟವನ್ನು ಹೊಂದಿಸಿಕೊಳ್ಳಬಹುದು. ಹಾಲು ಮೊಸರುಗಳೆರಡನ್ನೂ ತ್ಯಜಿಸಿದವರಿಗೆ ಧಾನ್ಯ ಮತ್ತು ಬೇಳೆಗಳೇ ಗತಿ. ಅವರು ಅನ್ನವನ್ನು ಒಂದು ಹಿಡಿ ಇಳಿಸಿ ಬೇಳೆಯನ್ನು ಒಂದು ಹಿಡಿ ಏರಿಸುವುದು ಲೇಸು. ಬೇಳೆಕಾಳುಗಳಿಂದ ಹೊಟ್ಟೆ ಬೇಗ ತುಂಬಿದಂತಾಗಿ ಹಸಿವು ತಡವಾಗುವುದೂ ಒಂದು ಅನುಕೂಲ.

ಹಸಿವಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ತರುಣರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿದರು. ಇವರು ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲೆವೆಂದು ಹಿಂಸೆಯನ್ನು ನಿರಾಕರಿಸಿ, ತಾವಾಗಿಯೇ ಮುಂದೆ ಬಂದವರು. ದಿನಕ್ಕೆ ಸುಮಾರು 1570 ಕ್ಯಾಲೊರಿ ಉಂಡು ತೂಕದ ಕಾಲುಭಾಗ ಕಳೆದುಕೊಂಡರು. ಆದರೆ ಅವರ ಮನಸ್ಸು ಹಗಲಿರುಳೂ ಅನ್ನದಲ್ಲಿಯೇ ನೆಟ್ಟಿತು. ಕೆಲವರು ಅಡುಗೆಯ ಪುಸ್ತಕಗಳನ್ನು ಕೂಡಿಸಿಟ್ಟು ಓದುತ್ತಿದ್ದರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅವಮೌದರ್ಯಕ್ಕೆ ಹೇಳಿದ ಪ್ರಯೋಜನಗಳಲ್ಲಿ ಸಂತೋಷ, ಸ್ವಾಧ್ಯಾಯಗಳೂ ಸೇರಿವೆ. ಉದರ ಊನವಾಗಿಯೂ ಚಿತ್ತವು ಪಾಕಶಾಲೆಯಲ್ಲಿದ್ದರೆ ಅದು ಈ ತಪವಲ್ಲ.

ಅದೇ ಪೂಜ್ಯಪಾದರು ಅನಶನವು ದೃಷ್ಟಫಲದ ಅಪೇಕ್ಷೆಯಿಲ್ಲದ್ದಾಗಿರಬೇಕೆಂದಿದ್ದಾರೆ. ತೂಕದ ಇಳಿಕೆಗಿಂತ ಕಣ್ಣಿಗೆ ಕಾಣುವ ಫಲ ಬೇರೆ ಯಾವುದು? ವ್ರತವನ್ನು ಅದಕ್ಕಾಗಿಯೇ ಹಿಡಿದರೆ ನಿದಾನಶಲ್ಯದ ಮುಳ್ಳು ನೆಟ್ಟಂತೆ. ಕಾಯಿಲೆಗಾಗಿ ತೂಕ ಇಳಿಸಬೇಕಾದವರು ಅದನ್ನು ಪಥ್ಯವೆಂದೇ ಕರೆದು, ವರ್ಷವಿಡೀ ನಾಲ್ಕು ಕವಳ ಕಡಿಮೆ ಉಂಡು ಇಳಿಸಿಕೊಳ್ಳಲಿ; ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಪರ್ವದ ಹತ್ತು ದಿನಗಳ ಮೇಲೆ ಆ ಭಾರವನ್ನು ಹೇರುವುದು ಬೇಡ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ನನ್ನೋ ಮಾತ್ರೆಗಳನ್ನೋ ತೆಗೆದುಕೊಳ್ಳುವವರು ಉಪವಾಸದ ಸಂಕಲ್ಪಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ಊಟ ಬಿಟ್ಟು ಔಷಧ ಬಿಡದಿದ್ದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಸಂಭವಿಸಬಹುದು. ಬರಿಯ ಔಷಧ ಬಿಡುವುದೂ ಅಪಾಯಕರವೇ. ಹತ್ತು ದಿನ ಪೂರ್ಣ ಉಪವಾಸವಿದ್ದವರಿಗೆ ಪಾರಣೆಯ ದಿನ ಪಾಯಸ, ಹೋಳಿಗೆಗಳನ್ನು ಒಮ್ಮೆಲೇ ಬಡಿಸಬಾರದು. ಸಿಹಿಯು ಹಠಾತ್ತಾಗಿ ರಕ್ತವನ್ನು ಸೇರಿದಾಗ ರಂಜಕ, ಪೊಟ್ಯಾಸಿಯಂ ಮೊದಲಾದ ಲವಣಾಂಶಗಳು ರಕ್ತದಿಂದ ಜೀವಕೋಶಗಳೊಳಕ್ಕೆ ಸೆಳೆಯಲ್ಪಟ್ಟು ಹೃದಯದ ಬಡಿತವೇ ಏರುಪೇರಾಗಬಹುದು. ಹೆಸರುಬೇಳೆಯ ತೆಳು ಗಂಜಿಯಿಂದ ಆರಂಭಿಸಿ, ಮೂರು ನಾಲ್ಕು ದಿನಗಳಲ್ಲಿ ನಿತ್ಯದ ಊಟಕ್ಕೆ ಬರತಕ್ಕದ್ದು.