ನಿಸ್ತಂತು ಗಣಕಜಾಲ: ವರ್ತಕರು ಅರಿತಿರಬೇಕಾದ ಪದಗಳು

ಮಳಿಗೆಯ ಬಿಲ್ಲಿಂಗ್ ಕೌಂಟರ್, ಕಚೇರಿ ಹಾಗೂ ಗೋದಾಮಿನ ಕಂಪ್ಯೂಟರ್‌ಗಳನ್ನು ತಂತಿಯಿಲ್ಲದೆ ಜೋಡಿಸುವ ವ್ಯವಸ್ಥೆಯೇ ನಿಸ್ತಂತು ಜಾಲ. ರೂಢಿಯಲ್ಲಿ ಇದನ್ನು ವೈ-ಫೈ ಎನ್ನುತ್ತೇವೆ. ಇದರ ಅಳವಡಿಕೆ ಸುಲಭ. ಗೋಡೆ ಕೊರೆದು ಕೇಬಲ್ ಎಳೆಯುವ ಖರ್ಚಿಲ್ಲ. ಆದರೆ ರೇಡಿಯೋ ತರಂಗಗಳು ನಮ್ಮ ಗೋಡೆಯೊಳಗೇ ಉಳಿಯುವುದಿಲ್ಲ. ರಸ್ತೆಗೂ ನೆರೆಯ ಕಟ್ಟಡಕ್ಕೂ ತಲುಪುತ್ತವೆ. ಲೆಕ್ಕಪತ್ರ, ಗ್ರಾಹಕರ ವಿವರ, ಬ್ಯಾಂಕ್ ವ್ಯವಹಾರಗಳೆಲ್ಲ ಈ ಜಾಲದಲ್ಲೇ ಸಾಗುವುದರಿಂದ, ಕೆಲವು ಮೂಲ ಪದಗಳ ಅರ್ಥವನ್ನು ಮಾಲೀಕರೇ ತಿಳಿದಿರುವುದು ಅಗತ್ಯ.

ರೂಟರ್, ಆಕ್ಸೆಸ್ ಪಾಯಿಂಟ್: ರೂಟರ್ ಹೊರಗಿನ ಅಂತರಜಾಲ ಸಂಪರ್ಕವನ್ನು ಒಳಗಿನ ಕಂಪ್ಯೂಟರ್‌ಗಳಿಗೆ ಹಂಚುತ್ತದೆ. ಆಕ್ಸೆಸ್ ಪಾಯಿಂಟ್ ತಂತಿಯ ಜಾಲವನ್ನು ತರಂಗಗಳ ಮೂಲಕ ಪಸರಿಸುತ್ತದೆ. ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ಇವೆರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಕಬ್ಬಿಣದ ಕಪಾಟು, ಶಟರ್‌ಗಳು ತರಂಗವನ್ನು ತಡೆಯುವುದರಿಂದ ಗೋದಾಮಿಗೆ ಪ್ರತ್ಯೇಕ ಆಕ್ಸೆಸ್ ಪಾಯಿಂಟ್ ಬೇಕಾದೀತು.

ಎಸ್‌ಎಸ್‌ಐಡಿ: ಇದು ಜಾಲದ ಹೆಸರು. ಮೊಬೈಲ್‌ನಲ್ಲಿ ವೈ-ಫೈ ಹುಡುಕಿದಾಗ ಕಾಣುವುದು ಇದೇ. ಹೆಸರನ್ನು ಮರೆಮಾಡಿದ ಮಾತ್ರಕ್ಕೆ ಜಾಲಕ್ಕೆ ರಕ್ಷಣೆ ದೊರೆಯದು.

ಆವರ್ತನ, ಚಾನೆಲ್: 2.4 ಗಿಗಾಹರ್ಟ್ಸ್ ತರಂಗ ಹೆಚ್ಚು ದೂರ ಸಾಗುತ್ತದೆ. ಆದರೆ ಬಳಸುವವರು ಹೆಚ್ಚಾದ್ದರಿಂದ ಅಲ್ಲಿ ದಟ್ಟಣೆಯೂ ಹೆಚ್ಚು. 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ವ್ಯಾಪ್ತಿ ಕಡಿಮೆ. 2.4 ಗಿಗಾಹರ್ಟ್ಸ್‌ನಲ್ಲಿ ನೆರೆಹೊರೆಯ ಜಾಲಗಳು ಒಂದಕ್ಕೊಂದು ಅಡ್ಡಿಯಾಗದಿರಲು 1, 6 ಅಥವಾ 11ನೇ ಚಾನೆಲ್ ಆರಿಸಿಕೊಳ್ಳಬೇಕು.

ವೇಗದ ಮಾನಕ: ಪೆಟ್ಟಿಗೆಯ ಮೇಲಿನ 802.11 ಎಂಬುದು 1997ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಕದ ಸಂಖ್ಯೆ. ಮುಂದಿನ ಅಕ್ಷರ ಅದರ ಪೀಳಿಗೆಯನ್ನು ಸೂಚಿಸುತ್ತದೆ. 1999ರ ‘ಬಿ’ ಸೆಕೆಂಡಿಗೆ 11 ಮೆಗಾಬಿಟ್, 2003ರ ‘ಜಿ’ 54 ಮೆಗಾಬಿಟ್ ಗರಿಷ್ಠ ವೇಗದವು. ಅನಂತರದ ‘ಎನ್’, ‘ಎಸಿ’, ‘ಎಎಕ್ಸ್’ ಪೀಳಿಗೆಗಳಿಗೆ ಈಗ ವೈ-ಫೈ 4, 5, 6 ಎಂಬ ಸರಳ ಹೆಸರುಗಳಿವೆ. ನಮೂದಿಸಿದ ವೇಗ ಬಳಕೆಯಲ್ಲಿ ಪೂರ್ತಿ ದೊರೆಯುವುದಿಲ್ಲ. ಎಂಟು ಮೆಗಾಬಿಟ್ ಸೇರಿದರೆ ಒಂದು ಮೆಗಾಬೈಟ್ ಎಂಬುದನ್ನೂ ನೆನಪಿಡಬೇಕು.

ಗೂಢಲಿಪೀಕರಣ: ಸಾಗುವ ಮಾಹಿತಿಯನ್ನು ಅನ್ಯರು ಓದಲಾಗದಂತೆ ಮಾರ್ಪಡಿಸುವ ವಿಧಾನವಿದು. ಮೊದಲಿನ ಡಬ್ಲ್ಯುಇಪಿ ವಿಧಾನದ ದೌರ್ಬಲ್ಯ 2001ರಲ್ಲೇ ಬಯಲಾಯಿತು. 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು. ಹಳೆಯದನ್ನೇ ನೆಚ್ಚಿಕೊಂಡರೆ ಆಗುವ ನಷ್ಟಕ್ಕೆ ಅಮೆರಿಕದ ಟಿಜೆಎಕ್ಸ್ ಎಂಬ ಚಿಲ್ಲರೆ ಮಾರಾಟ ಸಂಸ್ಥೆಯೇ ನಿದರ್ಶನ. 2005ರಲ್ಲಿ ಡಬ್ಲ್ಯುಇಪಿ ಬಳಸುತ್ತಿದ್ದ ಅದರ ಮಳಿಗೆಯ ನಿಸ್ತಂತು ಜಾಲದ ಮೂಲಕ ಕಳ್ಳರು ಒಳನುಸುಳಿದರು. 4.5 ಕೋಟಿಗೂ ಹೆಚ್ಚು ಕಾರ್ಡುಗಳ ವಿವರ ಕಳುವಾದ ಸಂಗತಿ 2007ರಲ್ಲಿ ಬೆಳಕಿಗೆ ಬಂತು.

ಆದ್ದರಿಂದ ಸದಸ್ಯರು ತಮ್ಮ ಜಾಲವನ್ನು ಅಳವಡಿಸಿದ ತಂತ್ರಜ್ಞರಿಂದ ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಮೊದಲನೆಯದಾಗಿ, ಗೂಢಲಿಪೀಕರಣ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಗಿರಬೇಕು. ಎರಡನೆಯದಾಗಿ, ರೂಟರ್‌ನೊಂದಿಗೆ ಬಂದ ಮೂಲ ಪಾಸ್‌ವರ್ಡ್‌ಗಳನ್ನು ಬದಲಿಸಿರಬೇಕು. ಮೂರನೆಯದಾಗಿ, ಗ್ರಾಹಕರಿಗೆ ವೈ-ಫೈ ನೀಡುವುದಾದರೆ ಅದು ಲೆಕ್ಕಪತ್ರದ ಜಾಲದಿಂದ ಪ್ರತ್ಯೇಕವಾಗಿರಬೇಕು. ಹಳೆಯ ಉಪಕರಣದಲ್ಲಿ ಡಬ್ಲ್ಯುಪಿಎ2 ಸೌಲಭ್ಯವೇ ಇಲ್ಲದಿದ್ದರೆ, ದುರಸ್ತಿಗೆ ಹಣ ವ್ಯಯಿಸದೆ ಹೊಸದನ್ನು ಕೊಳ್ಳುವುದೇ ಲಾಭಕರ.