ಕಿರ್ದಿಗೊಂದು ಹೊಸ ಅಂಕಣ



ದಿನದ ಜಮಾಖರ್ಚನ್ನು ಬರೆಯುವ ಪುಸ್ತಕಕ್ಕೆ ಕನ್ನಡದಲ್ಲಿ ಕಿರ್ದಿ ಎಂದು ಹೆಸರು. ಅದನ್ನೇ ಈ ನಾಡಿನ ಮರಾಠಿ ವರ್ತಕರು ಕೀರ್ದ ಎನ್ನುವರು. ಆ ಪುಸ್ತಕದ ಸ್ಥಾನವನ್ನು ಈಗ ಬಹುಮಟ್ಟಿಗೆ ಗಣಕಯಂತ್ರವು ವಹಿಸಿಕೊಂಡಿದೆ. ನಮ್ಮ ದೇಶದ ಅಂಗಡಿ, ಕಾರ್ಖಾನೆಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವು ಬೆಂಗಳೂರಿನದು. ಶ್ಯಾಮಸುಂದರ ಗೋಯೆಂಕಾ ಎಂಬ ಉದ್ಯಮಿಯು ತಮ್ಮ ಉದ್ಯಮದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ದೊರೆಯದಿರಲು, ಅದನ್ನು ರಚಿಸುವ ಕೆಲಸವನ್ನು ಮಗ ಭರತ ಗೋಯೆಂಕಾ ಅವರಿಗೆ ವಹಿಸಿದರು. 1986ರಲ್ಲಿ ಹೀಗೆ ಆರಂಭವಾದ ಕಾರ್ಯಕ್ಕಾಗಿ ಭರತ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಆದರೆ ಒಬ್ಬರ ಕಿರ್ದಿ ಇನ್ನೊಬ್ಬರಿಗೆ ಪೂರ್ತಿಯಾಗಿ ಒಪ್ಪುವುದಿಲ್ಲ. ನಾಸಿಕ ಜಿಲ್ಲೆಯ ಲಾಸಲಗಾಂವದಿಂದ ಪರಊರಿಗೆ ಈರುಳ್ಳಿ ಕಳುಹಿಸುವ ವರ್ತಕನಿಗೆ ಬಿಲ್ಲಿನಲ್ಲಿ ಚೀಲಗಳ ಎಣಿಕೆಯೂ ಲಾರಿಯ ನಂಬರೂ ಬೇಕು. ಛತ್ರಪತಿ ಸಂಭಾಜಿನಗರದ ವಾಳೂಜದಲ್ಲಿ ಯಂತ್ರದ ಬಿಡಿಭಾಗಗಳನ್ನು ಮಾಡುವವನಿಗೆ ಪ್ರತಿಯೊಂದು ಭಾಗದ ನಕ್ಷೆಯ ನಂಬರು ಬೇಕು. ಎಲ್ಲರಿಗೆ ಬೇಕಾದುದನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಅದು ಯಾರ ಉಪಯೋಗಕ್ಕೂ ಬಾರದು. ಹಾಗಾದರೆ ಉಪಾಯವೇನು?

ಟ್ಯಾಲಿಗೆ ಟಿ.ಡಿ.ಎಲ್. ಎಂಬ ತನ್ನದೇ ಒಂದು ಭಾಷೆಯುಂಟು. ಒಂದು ವಸ್ತು ಏನೆಂಬುದನ್ನು ನಿರೂಪಿಸುವುದು ಈ ಭಾಷೆಯ ಮುಖ್ಯ ಕೆಲಸ. ಶಾಲೆಯಲ್ಲಿ ತರಗತಿ, ತರಗತಿಯಲ್ಲಿ ಸಾಲು, ಸಾಲಿನಲ್ಲಿ ವಿದ್ಯಾರ್ಥಿ ಇರುವಂತೆ, ಇಲ್ಲಿ ವರದಿಯೊಳಗೆ ಫಾರ್ಮು, ಫಾರ್ಮಿನೊಳಗೆ ಭಾಗ, ಭಾಗದೊಳಗೆ ಸಾಲು, ಸಾಲಿನೊಳಗೆ ಅಂಕಣ. ಲಾರಿಯ ನಂಬರು ಬೇಕಾದರೆ, ಮೊದಲೇ ಇರುವ ಫಾರ್ಮಿನ ಹೆಸರಿನ ಹಿಂದೆ # ಗುರುತನ್ನು ಹಾಕಿ, ಅದಕ್ಕೆ ಹೊಸ ಅಂಕಣವನ್ನು ಸೇರಿಸತಕ್ಕದ್ದು. ಮೂಲ ತಂತ್ರಾಂಶಕ್ಕೆ ಕೈ ಹಚ್ಚಬೇಕಾಗಿಲ್ಲ. ಸೇರಿಸಿದ್ದನ್ನು ತೆಗೆದರೆ ಮೂಲದ ಫಾರ್ಮು ಮೊದಲಿನಂತೆಯೇ ಕಾಣುವುದು. ಹೊಸ ಅಂಕಣದಲ್ಲಿ ಬರೆದುದನ್ನು ಕೂಡಿಡಲು ಅದಕ್ಕೊಂದು ಹೆಸರನ್ನೂ ನಂಬರನ್ನೂ ಕೊಡಬೇಕು. ಹಾಜರಿ ಪುಸ್ತಕದಲ್ಲಿ ಇಬ್ಬರಿಗೆ ಒಂದೇ ಕ್ರಮಸಂಖ್ಯೆ ಸಲ್ಲದಂತೆ, ಇಲ್ಲಿಯೂ ಸಲ್ಲದು.

ಈ ಭಾಷೆಯು ಕಾಲಕಾಲಕ್ಕೆ ಬೆಳೆಯುತ್ತ ಬಂದಿದೆ. 2009ರ ಟ್ಯಾಲಿ ಇ.ಆರ್.ಪಿ. 9ರಲ್ಲಿ ಫಂಕ್ಷನ್ ಎಂಬ ಸೌಕರ್ಯವು ಕೂಡಿ, 'ಹೀಗಿದ್ದರೆ ಹೀಗೆ ಮಾಡು', 'ಮುಗಿಯುವ ತನಕ ಮಾಡುತ್ತಿರು' ಎಂಬ ಅಪ್ಪಣೆಗಳನ್ನು ಬರೆಯುವುದು ಸಾಧ್ಯವಾಯಿತು. 2020ರಲ್ಲಿ ಟ್ಯಾಲಿ ಪ್ರೈಮ್ ಬಂದಿತು. ಇದಕ್ಕಾಗಿ ಬರೆಯುವವರಿಗೆ ಟ್ಯಾಲಿ ಪ್ರೈಮ್ ಡೆವಲಪರ್ ಎಂಬ ಬೇರೆ ಸಾಧನವುಂಟು. ಅದು ಬೇರೆ ಬೇರೆ ಜಾತಿಯ ಪದಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವುದು. ಒಂದು ಹೆಸರು ಎಲ್ಲಿ ನಿರೂಪಿತವಾಗಿದೆಯೆಂಬಲ್ಲಿಗೆ ಒಮ್ಮೆಲೇ ಕರೆದೊಯ್ಯುವುದು. ಬರವಣಿಗೆಯಲ್ಲಿ ನಿಯಮ ತಪ್ಪಿದ್ದರೆ ಅದನ್ನು ಎತ್ತಿ ತೋರಿಸುವುದು.

ಇಷ್ಟೆಲ್ಲ ಇದ್ದ ಮೇಲೆ ಮನುಷ್ಯನಿಗೆ ಕೆಲಸವೇನೆಂದು ನೀವು ಕೇಳಬಹುದು. ಒಂದು ಲೆಕ್ಕ ಮಾಡಿ ನೋಡೋಣ. ಈರುಳ್ಳಿಯ ದರವು ಕ್ವಿಂಟಲಿಗೆ 1,800 ರೂಪಾಯಿ, ಚೀಲವೊಂದರ ತೂಕ 50 ಕಿಲೋ, ಚೀಲಗಳು 40 ಎಂದಿಟ್ಟುಕೊಳ್ಳಿರಿ. ಒಟ್ಟು ತೂಕ 20 ಕ್ವಿಂಟಲು. ಸಲ್ಲಬೇಕಾದ ಹಣ 36,000 ರೂಪಾಯಿ. ಆದರೆ ಬರೆಯುವವನು ದರವನ್ನು ಕ್ವಿಂಟಲುಗಳಿಂದ ಗುಣಿಸದೆ ಚೀಲಗಳಿಂದ ಗುಣಿಸಿದನೆನ್ನಿ. 72,000 ಎಂದು ಬಿಲ್ಲು ಅಚ್ಚಾಗುವುದು. ಸಾಧನವು ಸುಮ್ಮನಿರುವುದು, ಏಕೆಂದರೆ ಭಾಷೆಯಲ್ಲಿ ತಪ್ಪಿಲ್ಲ, ತಪ್ಪಿರುವುದು ವಿಚಾರದಲ್ಲಿ. ಆ ತಪ್ಪಿನ ಭಾರವು ಬೀಳುವುದು ಕೊಳ್ಳುವವನ ಮೇಲೆ. ಯಂತ್ರವು ಕಾಗುಣಿತವನ್ನು ತಿದ್ದಬಲ್ಲದು; ನ್ಯಾಯವನ್ನು ಮಾತ್ರ ನಾವೇ ನೋಡಿಕೊಳ್ಳಬೇಕು.

ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇಂಥ ವಿದ್ಯೆ ದೂರವೆಂದು ಕೆಲವರು ಹೆದರುವುದುಂಟು. ಟಿ.ಡಿ.ಎಲ್.ನ ಪದಗಳು ಇಂಗ್ಲಿಷಿನವು, ನಿಜ, ಅವನ್ನು ಕಲಿಯಲೇಬೇಕು. ಆದರೆ ಚೀಲವಾವುದು, ಕ್ವಿಂಟಲಾವುದು, ಯಾವುದರೊಳಗೆ ಯಾವುದು ಅಡಕವಾಗಿದೆ ಎಂಬ ವಿವೇಚನೆಗೆ ನೀವು ಮನೆಯಲ್ಲಾಡುವ ನುಡಿಯೇ ಸಾಕು. ಆ ವಿವೇಚನೆ ತಿಳಿಯಾಗಿದ್ದವನಿಗೆ ಪದಗಳು ಬೇಗನೆ ವಶವಾಗುವುವು.

ಅಭ್ಯಾಸ: ನಿಮ್ಮ ಓಣಿಯ ಅಂಗಡಿಯ ಒಂದು ಬಿಲ್ಲನ್ನು ತಂದು, ಅದರ ಭಾಗ, ಸಾಲು, ಅಂಕಣಗಳನ್ನು ಬೇರ್ಪಡಿಸಿ ಬರೆಯಿರಿ. ಅದಕ್ಕೆ ಯಾವ ಒಂದು ಅಂಕಣವನ್ನು ಸೇರಿಸಿದರೆ ಅಂಗಡಿಯವನಿಗೂ ಗಿರಾಕಿಗೂ ಹಿತವಾದೀತೆಂಬುದನ್ನು ಕಾರಣಸಹಿತ ತಿಳಿಸಿರಿ.